ನಮ್ಮನಿಗೆ ಸರ್ವರ್ ಬಂದದ

ನಾನು ಹಿಡಿದ ಕೆಲಸ ನಾನು ಹಿಡಿದ ಹಾಗೆಯೇ ಮುಗಿದದ್ದು ನನಗೆ ನೆನಪಿಲ್ಲ. ಬ್ಯಾಂಕಿಗೆಂದು ಹೊರಟರೆ ಯಾರದೋ ಮನೆಯಲ್ಲಿ ಬಸುರಿಯ ಕುಬುಸದ ಊಟ ಮಾಡಿ ಬಂದಿರುತ್ತೇನೆ. ಕಿಟಕಿಯ ಪರದೆ ಒಗೆಯಲು ಕೂತರೆ ಸಂಜೆಗೆ ಕಿಟಕಿಯೇ ಬದಲಾಗಿರುತ್ತದೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಅಳು ಬರುತ್ತಿತ್ತು. ಈಗ ಬರೀ ಆಕಳಿಕೆ ಬರುತ್ತದೆ.

ನಾನು ಚಿತ್ತಾಪುರದ ಒಂದು ಡಿಗ್ರಿ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ, ಬಂದು ಹದಿನಾಲ್ಕು ವರ್ಷವಾದರೂ "ಬರ್ರಿ, ಕುಂದ್ರಿ" ಎಂದು ಯಾರೂ ಹೇಳದವಳು. ಪ್ರತಿ ವರ್ಷ ಹೊಸದಾಗಿ ಆದೇಶ ಬರಬೇಕು, ಬಂದರೆ ನಾನು ಇದ್ದೇನೆ, ಬರದಿದ್ದರೆ ಇಲ್ಲ. ಮನೆ ಶಹಾಬಾದಿನಲ್ಲಿ. ಗಂಡ ವಾಡಿ ಜಂಕ್ಷನ್ನಿನಿಂದ ಹೊರಡುವ ಗೂಡ್ಸ್ ಗಾಡಿಗಳ ಗಾರ್ಡು. ಮನೆಯಲ್ಲಿ ನಾವಿಬ್ಬರು, ಮತ್ತು ನಮ್ಮಿಬ್ಬರಿಗೂ ಮೇಲಿನವರಾದ ನನ್ನ ಅತ್ತೆ.

ಎರಡು ವರ್ಷದ ಹಿಂದೆ ಸಿಲೆಬಸ್ಸು ಬದಲಾಯಿತು. ಒಂದು ಕಂಪ್ಯೂಟರಿನ ಒಳಗೆ ಹಲವು ಕಂಪ್ಯೂಟರ್‌ಗಳಿರುವಂತೆ ಮಾಡುವುದು, ಅಂಥ ಮೂರು ಕಂಪ್ಯೂಟರ್ ಕೂಡಿಸಿ ಒಂದು ಗುಂಪು ಕಟ್ಟುವುದು, ಒಂದು ಕೆಟ್ಟರೆ ಅದರ ಕೆಲಸವನ್ನು ಉಳಿದೆರಡು ಎತ್ತಿಕೊಳ್ಳುವಂತೆ ಮಾಡುವುದು, ಇದು ಹೊಸ ಪಾಠ. ಇದಕ್ಕೆ ಪ್ರಾಕ್ಟಿಕಲ್ ಪರೀಕ್ಷೆಯೂ ಉಂಟು, ನೋಡಲು ಹೊರಗಿನಿಂದ ಪರೀಕ್ಷಕರು ಬರುತ್ತಾರೆ. ನಮ್ಮ ಲ್ಯಾಬಿನಲ್ಲಿ ಏಳು ಕಂಪ್ಯೂಟರ್. ನಾಲ್ಕು ಶುರುವಾಗುವುದಿಲ್ಲ. ಮೂರು ಅವುಗಳ ಮನಸ್ಸಿಗೆ ಬಂದಾಗ ಶುರುವಾಗುತ್ತವೆ.

ಪ್ರಿನ್ಸಿಪಾಲರ ಹತ್ತಿರ ಹೋದೆ. "ಮೇಡಂ, ಬೋರ್ಡ್ ಮ್ಯಾಲೆ ಚಿತ್ರ ತಗದು ತೋರಸ್ರಿ. ಈಜು ಕಲಸೋರೂ ಮೊದಲು ದಂಡಿ ಮ್ಯಾಲೇ ನಿಲ್ಲಿಸಿ ಹೇಳ್ತಾರ" ಎಂದರು.

"ಸರ್, ಪರೀಕ್ಷೆ ನೀರೊಳಗ ಅದರಿ."

"ಹುಡುಗ್ರು ಮುಳುಗಿದ್ರ ನಿಮ್ಮ ಮುಂದಿನ ವರ್ಷದ ಆದೇಶನೂ ಮುಳುಗ್ತದ, ಅದನ್ನ ನಾ ಹೇಳಬೇಕಾಗಿಲ್ಲ" ಎಂದು ಬಹಳ ಪ್ರೀತಿಯಿಂದ ಹೇಳಿ ಚಹಾ ತರಿಸಿದರು.

ಇಪ್ಪತ್ತೆರಡು ಮಕ್ಕಳು. ಚಹಾ ಕುಡಿಯುತ್ತಲೇ ನಿರ್ಧಾರ ಮಾಡಿದೆ. ಹಳೆಯ ಕಂಪ್ಯೂಟರ್ ತಂದು ನಮ್ಮ ಮನೆಯಲ್ಲೇ ಆ ಗುಂಪು ಕಟ್ಟುತ್ತೇನೆ, ಮಕ್ಕಳು ಕಾಲೇಜಿನಿಂದಲೋ ಫೋನಿನಿಂದಲೋ ಅದಕ್ಕೆ ಕೂಡಿಕೊಂಡು ಕಲಿಯಲಿ. ಚಹಾದಲ್ಲಿ ಸಕ್ಕರೆ ಜಾಸ್ತಿ ಇತ್ತು. ಅದರದ್ದೇ ಪ್ರಭಾವ ಇರಬೇಕು.

ಸೊನ್ನೆ ಟಿಕೆಟ್

ಚಿಂಚೋಳಿಯ ಚಂದಾಪುರದಲ್ಲಿ ಆಫೀಸುಗಳ ಹಳೆಯ ಕಂಪ್ಯೂಟರ್ ಕೊಂಡು ಮಾರುವವನೊಬ್ಬನಿದ್ದಾನೆ ಎಂದು ಗೊತ್ತಾಯಿತು. ಭಾನುವಾರ ಹೋಗಿ ಮೂರು ಡಬ್ಬಿ ಆರಿಸಿದೆ. ಮೂರನ್ನೂ ಗೋಣಿಚೀಲದಲ್ಲಿ ಕಟ್ಟಿಸಿ, ಹಮಾಲನಿಂದ ಬಸ್ಸಿಗೆ ಹೊರಿಸಿ, ಮೂವರು ಕೂಡುವ ಸೀಟಿನ ಕೆಳಗೆ ಒಂದು, ಕಾಲ ಹತ್ತಿರ ಒಂದು, ಪಕ್ಕದ ಸೀಟಿನ ಮೇಲೆ ಒಂದು ಇಟ್ಟುಕೊಂಡು ಕೂತೆ. ಅದರಾಚೆ ಕಿಟಕಿಗೆ ಒಬ್ಬ ಅಜ್ಜಿ, ಮಳಖೇಡಕ್ಕೆ ಮಗಳ ಮನೆಗೆ ಹೊರಟವರು.

ಕಂಡಕ್ಟರ್ ಬಂದ. ನಾನು ಆಧಾರ್ ತೋರಿಸಿದೆ, ಹೆಂಗಸರಿಗೆ ಕೊಡುವ ಸೊನ್ನೆ ಟಿಕೆಟ್ ಹರಿದು ಕೊಟ್ಟ. ಆಮೇಲೆ ಗೋಣಿಚೀಲಗಳನ್ನು ನೋಡಿದ.

"ಇವೇನ್ರಿ?"

"ಕಂಪ್ಯೂಟರ್ ಅವರಿ."

"ಇವಕ್ಕ ಲಗೇಜ್ ಟಿಕೆಟ್ ತಗೋಬೇಕ್ರಿ. ಇದೊಂದಂತೂ ಸೀಟ್ ಮ್ಯಾಲೇ ಕುಂತದ."

"ಹಳೇವು ಅವ ರೀ. ಹುಡುಗ್ರಿಗೆ ಪಾಠ ಹೇಳಾಕ ಒಯ್ಯಾಕತ್ತೀನಿ."

"ಪಾಠ ಇರಲಿ ಬಿಡ್ರಿ. ನಿಮಗ ಫ್ರೀ ಅದ, ಯಾಕಂದ್ರ ನೀವು ಹೆಣ್ಣಮಕ್ಕಳು. ಇವು ಹೆಣ್ಣಮಕ್ಕಳು ಅಂತ ಆಧಾರ್ ಕಾರ್ಡ್ ಅದ ಏನು?"

ಹಿಂದಿನ ಸೀಟಿನವರು ನಕ್ಕರು. ಬೆಳಗಿನಿಂದ ಅಂಗಡಿಯ ಧೂಳಿನಲ್ಲಿ ಕೂತು ತಲೆ ಧಿಮ್ಮೆನ್ನುತ್ತಿತ್ತು. ಟಿಕೆಟ್ ತೆಗೆಸೋಣವೆಂದು ಪರ್ಸಿಗೆ ಕೈ ಹಾಕಿದೆ. ಅಷ್ಟರಲ್ಲಿ ಕಿಟಕಿಯ ಅಜ್ಜಿ ಬಾಯಿಯ ಎಲೆಯಡಿಕೆ ಒಂದು ಕಡೆ ಸರಿಸಿಕೊಂಡು ನನ್ನನ್ನು ಕೇಳಿದರು, "ಯವ್ವಾ, ಈ ಡಬ್ಬಿ ದಿನಾ ಎಷ್ಟೊತ್ತು ಕೆಲಸ ಮಾಡ್ತಾವ?"

"ದಿನಾಪೂರ್ತಿ ಅಜ್ಜಿ. ಬಂದ್ ಮಾಡಂಗಿಲ್ಲ."

"ಹಬ್ಬಕ್ಕ, ಹುಣ್ಣಿವಿಗೆ ಸೂಟಿ?"

"ಇಲ್ಲ ಅಜ್ಜಿ."

"ಪಗಾರ?"

"ಅದೆಲ್ಲಿದು."

ಅಜ್ಜಿ ಕಂಡಕ್ಟರನ ಕಡೆ ತಿರುಗಿದರು. "ಮೂರೂ ಹೆಣ್ಣೇ ಅವ ತಮ್ಮಾ. ಸುಮ್ಮ ಸೊನ್ನೆ ಬರಕೋ."

ಮೂರು ಮಂದಿ ಸೊಸೆಯಂದಿರು

ಮನೆಯಲ್ಲಿ ಜಾಗವೆಂದರೆ ಜೋಳದ ಖೋಲಿ ಒಂದೇ. ಜೋಳದ ಚೀಲ, ತೊಗರಿ, ವರ್ಷದ ಒಣ ಮೆಣಸಿನಕಾಯಿ ಇರುವ ಅದು ಪೂರ್ತಿ ಅತ್ತೆಯ ರಾಜ್ಯ. ಅವರ ಒಪ್ಪಿಗೆ ಇಲ್ಲದೆ ಅಲ್ಲಿ ಇಲಿಯೂ ಹೆಜ್ಜೆ ಇಡುವುದಿಲ್ಲ. ಆದ್ದರಿಂದ ಮೊದಲು ಅವರಿಗೆ ಎಲ್ಲವನ್ನೂ ತಿಳಿಸಿ ಹೇಳಬೇಕಾಯಿತು.

"ಅತ್ತಿ, ಇವು ಒಂದೊಂದರ ಹೊಟ್ಟಿಯೊಳಗ ಐದಾರು ಕಂಪ್ಯೂಟರ್ ಇರ್ತಾವ. ಖರೇ ಕಂಪ್ಯೂಟರ್ ಅಲ್ಲ, ಇದ್ದಂಗ ಅನಸ್ತದ."

"ಅದಾವ ಅನಸ್ತದ, ಆದ್ರ ಇಲ್ಲ."

"ಹೌದ್ರಿ."

"ನನ್ನ ಮಗನಂಗ ಅನ್ನು."

ಈ ವಿಷಯದ ಮೇಲೆ ನಾನು ನಾಲ್ಕಾರು ದಪ್ಪ ಪುಸ್ತಕ ಓದಿದ್ದೇನೆ. ಯಾವುದರಲ್ಲೂ ಇಷ್ಟು ಚಿಕ್ಕ ವ್ಯಾಖ್ಯಾನ ಇಲ್ಲ. ಹುರುಪು ಬಂದು ಮುಂದುವರಿಸಿದೆ. ಮೂರರಲ್ಲಿ ಒಂದು ಬಂದ್ ಬಿದ್ದರೆ ಅದರ ಕೆಲಸ ಉಳಿದೆರಡರ ಮೇಲೆ ತಾನಾಗಿಯೇ ಹೋಗುತ್ತದೆ, ಹೊರಗಿನವರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ ಎಂದೆ.

"ಇದರೊಳಗ ಹೊಸಾದು ಏನದ?" ಎಂದರು ಅತ್ತೆ. ಅವರು ಸೇಡಂ ಕಡೆಯ ದೊಡ್ಡ ಒಕ್ಕಲುತನದ ಮನೆಯಲ್ಲಿ ಬಾಳುವೆ ಮಾಡಿದವರು. "ನಾವು ಮೂರು ಮಂದಿ ಸೊಸೆಂದಿರು ಇದ್ದಿವಿ. ಒಬ್ಬಾಕಿ ತವರಿಗೆ ಹೋದ್ರ ಅಕಿ ಪಾಲಿನ ರೊಟ್ಟಿ ನಾವಿಬ್ಬರೂ ಬಡೀತಿದ್ದಿವಿ. ಹೊಲದಿಂದ ಬಂದು ಉಣ್ಣೋರಿಗೆ ರೊಟ್ಟಿ ಯಾರು ಬಡದಾರಂತ ಎಲ್ಲಿ ಗೊತ್ತಾಗ್ತದ?"

ನನಗೆ ಕುಣಿಯುವಷ್ಟು ಸಂತೋಷವಾಯಿತು. ಮರುದಿನ ಕ್ಲಾಸಿನಲ್ಲಿ ಇದೇ ಉದಾಹರಣೆ ಕೊಡಬೇಕೆಂದು ಮನಸ್ಸಿನಲ್ಲೇ ಬರೆದುಕೊಂಡೆ. ಆದರೆ ಅತ್ತೆಗೆ ಇನ್ನೂ ಸಂಶಯವಿತ್ತು.

"ಹಂಗ ಕೆಲಸ ಮ್ಯಾಲೆ ಬಿದ್ದಾಗ ಉಳದ ಎರಡು ಏನರ ಅಂತಾವೇನು?"

"ಇಲ್ರಿ. ಸುಮ್ಮನ ಮಾಡ್ತಾವ."

"ಅತ್ತಿ ಮುಂದ ಚಾಡಿ?"

"ಹೇಳಂಗಿಲ್ರಿ."

"ತವರಿಂದ ವಾಪಸ್ ಬಂದಾಕಿ ಜೋಡಿ ನಾಕ್ ದಿನ ಮಾತು ಬಿಡೋದು?"

"ಅದೂ ಇಲ್ರಿ."

ಅತ್ತೆ ಡಬ್ಬಿಗಳನ್ನು ಬಹಳ ಹೊತ್ತು ನೋಡಿದರು. "ಹಂಗಾದ್ರ ಒಳಗ ಏನೋ ಕೆಟ್ಟದ ನೋಡವ್ವಾ. ಅಂಗಡಿಯವಗ ವಾಪಸ್ ಕೊಟ್ಟು ಬಾ."

ಫರಸಿ

ಅಂತೂ ಖೋಲಿಯಲ್ಲಿ ಜಾಗ ಸಿಕ್ಕಿತು. ಆದರೆ ಮೂರನ್ನೂ ನೆಲದ ಮೇಲೆ ಒಂದಕ್ಕೊಂದು ತಾಗಿಸಿ ಇಟ್ಟಿದ್ದರಿಂದ ಬಿಸಿಯಾಗಿ ಆರಿಹೋಗತೊಡಗಿದವು. ಗೋಡೆಗೆ ಮೂರು ಹಂತದ ಹಲಗೆ ಬೇಕು. ಬೇರೆ ಊರಿನವರು ಕಬ್ಬಿಣದ್ದು ತರಿಸುತ್ತಾರೆ. ಶಹಾಬಾದಿನಲ್ಲಿ ಕೂತು ಕಬ್ಬಿಣ ಯಾಕೆ? ಇಲ್ಲಿ ಅಡಿಗೆಮನೆಯ ಕಟ್ಟೆ, ದೇವರ ಮಾಡು, ಬಚ್ಚಲು ಎಲ್ಲವೂ ಊರಿನ ಖಣಿಯ ಚಪ್ಪಟೆ ಫರಸಿಕಲ್ಲೇ. ಕಲ್ಲು ಕೊರೆದು ಪಾಲಿಶ್ ಮಾಡುವ ಒಬ್ಬ ಮೇಸ್ತ್ರಿಗೆ ಫೋನು ಮಾಡಿದೆ. ಹಿಂದೆ ಕಲ್ಲು ಕೊರೆಯುವ ಮಷೀನು ಕಿರ್ರೆನ್ನುತ್ತಿತ್ತು, ಇಬ್ಬರೂ ಒದರಿಯೇ ಮಾತಾಡಬೇಕಿತ್ತು.

"ಎರಡು ಫೂಟ್ ಉದ್ದ, ಒಂದೂವರಿ ಅಗಲ, ಮೂರು ಕಲ್ಲು ಬೇಕ್ರಿ!"

"ಯಾವಾಗ ಬೇಕ್ರಿ ಅಕ್ಕಾರ?"

"ಇವತ್ತಾದ್ರ ಇವತ್ತೇ! ಇನ್ನೂ ನೆಲದ ಮ್ಯಾಲೇ ಇಟ್ಟೀವ್ರಿ. ಬ್ಯಾಸಿಗಿ ನೋಡ್ರಿ, ಭಾಳ ಹೊತ್ತು ತಡಿಯಂಗಿಲ್ಲ!"

ಆ ಕಡೆ ಮಷೀನು ಬಂದಾಯಿತು. ಮೇಸ್ತ್ರಿಯ ಧ್ವನಿ ಮೆತ್ತಗಾಯಿತು. "ಅಯ್ಯೋ ಶಿವನೇ. ಹೆಸರು ಹೇಳ್ರಿ ಅಕ್ಕಾರ."

ಬಿಲ್ಲಿಗೆಂದು ತಿಳಿದೆ. ನನ್ನ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ, ಗಾರ್ಡ್ ಸಾಹೇಬರೆಂದರೆ ಓಣಿಗೆಲ್ಲ ಗೊತ್ತು. ಗಂಡನ ಪೂರ್ತಿ ಹೆಸರು ಹೇಳಿದೆ.

"ಮೂರಕ್ಕೂ ಅದೇ ಹೆಸರೇನ್ರಿ?"

"ಮತ್ತ? ಎಲ್ಲಾ ಒಂದೇ ಹೆಸರಿಗೆ ಮಾಡ್ರಿ."

ಮರುದಿನ ಮುಂಜಾನೆ ಅಂಗಳದಲ್ಲಿ ಮೂರು ಕಲ್ಲು ಒರಗಿ ನಿಂತಿದ್ದವು. ನುಣ್ಣಗೆ ಪಾಲಿಶ್ ಆಗಿ ಕನ್ನಡಿಯಂತೆ ಹೊಳೆಯುತ್ತಿದ್ದವು. ಪ್ರತಿಯೊಂದರ ಮೇಲೂ ಬಿಲ್ವಪತ್ರೆಯ ಚಿತ್ತಾರ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ "ಲಿಂಗೈಕ್ಯ", ಅದರ ಕೆಳಗೆ ನನ್ನ ಗಂಡನ ಹೆಸರು.

ನಾನು ಬಾಗಿಲಲ್ಲಿ ಕಲ್ಲಾಗಿ ನಿಂತೆ. ಇನ್ನೊಂದು ನಿಮಿಷ ಸಿಕ್ಕಿದ್ದರೆ ಮೇಲೆ ಚಾದರವನ್ನಾದರೂ ಹಾಕುತ್ತಿದ್ದೆ. ಅಷ್ಟರಲ್ಲಿ ಡ್ಯೂಟಿ ಮುಗಿಸಿದ ನನ್ನ ಗಂಡ ಹೆಗಲಿಗೆ ಚೀಲ ಹಾಕಿಕೊಂಡು, ನಿದ್ದೆಗಣ್ಣಿನಲ್ಲಿ ಗೇಟು ತೆಗೆದು ಒಳಗೆ ಬಂದರು. ಓದಿದರು. ಎರಡನೆಯದನ್ನೂ ಓದಿದರು. ಮೂರನೆಯದನ್ನೂ ಓದಿ ನನ್ನ ಕಡೆ ನೋಡಿ ಮೆಲ್ಲಗೆ ಕೇಳಿದರು, "ಯಾವಾಗ?"

ಅತ್ತೆ ಹೊರಬಂದು, ಮಗ ಜೀವಂತ ನಿಂತಿದ್ದರೂ ಅವರ ಕೆನ್ನೆ, ತೋಳು ಎಲ್ಲ ಮುಟ್ಟಿ ನೋಡಿದರು. ಆಮೇಲೆ ಮೇಸ್ತ್ರಿಗೆ ಫೋನು ಹಚ್ಚಿಸಿ ಅವನ ಏಳು ತಲೆಮಾರನ್ನು ವಿಚಾರಿಸಿಕೊಂಡರು. ಪಾಪ, ಅವನು ಓಡುತ್ತಲೇ ಬಂದ. ಒಂದು ಕಲ್ಲು ಮನೆಗೆ, ಒಂದು ಹೊಲಕ್ಕೆ, ಒಂದು ಮಠಕ್ಕೆ ಎಂದು ತಿಳಿದು, ಊಟ ಬಿಟ್ಟು ಕೆತ್ತಿದ್ದನಂತೆ. ಗೇಟಿನೊಳಗೆ ಸ್ವತಃ ಲಿಂಗೈಕ್ಯರೇ ನಿಂತದ್ದು ನೋಡಿ ಕೈ ಮುಗಿದ.

"ತಪ್ಪಾತ್ರಿ ಸಾಹೇಬ್ರ. ಆದ್ರ ಕೆಲಸ ಕೆಟ್ಟಿಲ್ಲ ನೋಡ್ರಿ. ತಾರೀಖಿಂದು ಜಾಗ ಹಂಗೇ ಖಾಲಿ ಬಿಟ್ಟೀನಿ. ನಿಮಗ ಅನುಕೂಲ ಆದಾಗ ಒಂದು ಫೋನ್ ಮಾಡ್ರಿ, ಬಂದು ಹಾಕಿ ಕೊಡ್ತೀನಿ."

ನಿಂತ ಗಾಡಿ

ಕಲ್ಲುಗಳನ್ನು ಮಗುಚಿ, ಹೆಸರು ಕೆಳಗೆ ಬರುವಂತೆ ಗೋಡೆಗೆ ಕೂಡಿಸಿದೆವು. ಮೂರೂ ಮಷೀನು ಅದರ ಮೇಲೆ ಕೂತವು. ಆದರೆ ಹಳೆಯ ಫ್ಯಾನುಗಳ ಸದ್ದು ಅಷ್ಟಿಷ್ಟಲ್ಲ. ಊರಿನ ಕಲ್ಲಿನ ಧೂಳು ತಿಂದು ತಿಂದು ಗಂಟಲು ಕಟ್ಟಿದವರ ಹಾಗೆ ಗೊರಗೊರ, ನಡುವೆ ಒಮ್ಮೊಮ್ಮೆ ಟಕಟಕ. ಪಕ್ಕದ ಖೋಲಿಯಲ್ಲೇ ನನ್ನ ಗಂಡ ಹಗಲು ಮಲಗುವುದು. ಅವರು ಏನೂ ಅನ್ನದಿದ್ದರೂ ನನಗೇ ಕೆಟ್ಟದೆನಿಸುತ್ತಿತ್ತು. ಎಲ್ಲ ಮಾಡಿ ಆ ಮನುಷ್ಯನ ನಿದ್ದೆಯನ್ನೂ ಕಸಿದೆನಲ್ಲ ಎಂದು.

ಹದಿನೈದು ದಿನ ಕಾಲೇಜಿನಿಂದ ಬಂದ ಮೇಲೆ ಅದೇ ಕೆಲಸ. ಒಂದೊಂದು ಫ್ಯಾನು ಬಿಚ್ಚಿ, ಧೂಳು ತೆಗೆದು, ಎಣ್ಣೆ ಹಾಕಿ, ಎರಡನ್ನು ಬದಲಿಸಿ, ವೇಗ ಕಡಿಮೆ ಮಾಡಿದೆ. ಒಂದು ರಜೆಯ ದಿನ ಮಧ್ಯಾಹ್ನ ಕೊನೆಯ ಸ್ಕ್ರೂ ತಿರುವಿದೆ. ಖೋಲಿ ಗಪ್ಪಾಯಿತು. ಎಷ್ಟು ದಿನದ ಮೇಲೆ ಆ ನಿಶ್ಶಬ್ದ! ಜೋಳದ ಚೀಲಕ್ಕೆ ಒರಗಿ ಕಣ್ಣು ಮುಚ್ಚಿದೆ.

ಪಕ್ಕದ ಖೋಲಿಯಲ್ಲಿ ಧಡ್ ಎಂದಿತು.

"ಯಾಕ ನಿಂತದ? ಎಲ್ಲದೀವಿ? ಸಿಗ್ನಲ್ ಕೊಟ್ಟಿಲ್ಲೇನು?" ಎನ್ನುತ್ತ ನನ್ನ ಗಂಡ ಎದ್ದು, ಕಣ್ಣು ಪೂರ್ತಿ ಬಿಡುವ ಮೊದಲೇ ಚೀಲದಿಂದ ಬಾವುಟ ಎಳೆದುಕೊಂಡು, ಲುಂಗಿಯಲ್ಲೇ ಅಂಗಳಕ್ಕೆ ಓಡಿದರು. ಇಪ್ಪತ್ತು ವರ್ಷ ಗಾಡಿಯ ಸದ್ದಿನಲ್ಲಿ ಬದುಕಿದ ಮನುಷ್ಯ. ಸದ್ದು ನಿಂತಿತೆಂದರೆ ಅವರ ಪಾಲಿಗೆ ಏನೋ ಅನಾಹುತವಾಗಿದೆ ಎಂದೇ ಅರ್ಥ.

ನಾನು ಹಿಂದೆ ಓಡಿ ಹೋಗುವಷ್ಟರಲ್ಲಿ ಗೇಟಿನ ಮುಂದೆ ನಿಂತು ರಸ್ತೆಗೆ ಹಸಿರು ಬಾವುಟ ಬೀಸುತ್ತಿದ್ದರು. ಎದುರಿಗೆ ಕಾಯಿಪಲ್ಯದ ತಳ್ಳುಗಾಡಿಯವಳು ತಕ್ಕಡಿ ಹಿಡಿದು ನಿಂತಿದ್ದಳು.

"ಯಾಕ್ರಿ ಸಾಹೇಬ್ರ," ಎಂದಳು ಸಿಟ್ಟಿನಿಂದ, "ನಾ ಜರಾ ನಿಂತ್ರ ನಿಮಗೇನಾತು? ಇನ್ನೂ ಬದನಿಕಾಯಿ ತೂಗಿಲ್ಲ, ಈಗೇ ಹೋಗಂತೀರಿ."

ಸಂಜೆಗೆ ಫ್ಯಾನುಗಳ ವೇಗ ಮತ್ತೆ ಮೊದಲಿನಷ್ಟೇ ಮಾಡಿದೆ.

ಪರೀಕ್ಷೆ

ಪರೀಕ್ಷೆಯ ದಿನ ಬಂತು. ಪರೀಕ್ಷಕರು ಬೇರೆ ಊರಿನವರು, ಮುಖದ ಮೇಲೆ ಒಂದು ಗೆರೆಯೂ ಅಲುಗದವರು. ಲ್ಯಾಬಿನಲ್ಲಿ ಅಂದು ಶುರುವಾಗಿದ್ದ ಎರಡು ಕಂಪ್ಯೂಟರ್‌ಗಳಿಂದ ಶಹಾಬಾದಿನ ನಮ್ಮ ಮನೆಗೆ ಕೂಡಿಕೊಂಡಿದ್ದೆವು. ಮೊದಲು ಕೂತವಳು ದಂಡೋತಿಯಿಂದ ಬರುವ ಹುಡುಗಿ. ವರ್ಷಪೂರ್ತಿ ಕ್ಲಾಸಿನಲ್ಲಿ "ಎಸ್ ಮೇಡಂ" ಬಿಟ್ಟು ಬೇರೆ ಮಾತಾಡಿದವಳಲ್ಲ. ಸೆಕೆಂಡಿಗೊಂದು ಅಂಕಿ ಬರೆಯುತ್ತ ಹೋಗುವ ಸಣ್ಣ ಪ್ರೋಗ್ರಾಮು ಮಾಡಿ, ನಮ್ಮ ಜೋಳದ ಖೋಲಿಯ ಒಂದು ಮಷೀನಿನ ಮೇಲೆ ಓಡಿಸಿ ತೋರಿಸಿದಳು.

"ಇದು ನಡೀತಿರೋ ಮಷೀನನ್ನ ಆರಿಸಿ ತೋರಿಸಿ" ಎಂದರು ಪರೀಕ್ಷಕರು. "ಇಲ್ಲಿಂದ ಬಟನ್ ಒತ್ತೋದಲ್ಲ. ವೈರೇ ಕೀಳಿಸಿ."

ಇದು ನನಗೆ ಗೊತ್ತಿತ್ತು. ಅತ್ತೆಗೆ ಒಂದು ವಾರ ತರಬೇತಿ ಕೊಟ್ಟಿದ್ದೆ. ಮೂರು ಮಷೀನಿನ ವೈರಿಗೂ ಅವರೇ ಕೆಂಪು, ಹಳದಿ, ಹಸಿರು ದಾರ ಕಟ್ಟಿದ್ದರು. ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ.

"ಅತ್ತಿ, ಕೆಂಪು ದಾರದ್ದು ಕೀಳ್ರಿ."

"ಕಿತ್ತೆ."

ಅಂಕಿ ನಿಂತವು. ಪರದೆ ಖಾಲಿ. ಅರ್ಧ ನಿಮಿಷ. ಒಂದು ನಿಮಿಷ. ಇಪ್ಪತ್ತೆರಡು ಮಕ್ಕಳು ಉಸಿರು ಬಿಗಿ ಹಿಡಿದು ನಿಂತಿದ್ದರು. ನಾನು ಮನಸ್ಸಿನಲ್ಲೇ ಬಸವಣ್ಣನನ್ನು ನೆನೆದೆ. ಎರಡು ನಿಮಿಷವಾಗುವಷ್ಟರಲ್ಲಿ ಆ ಕೆಲಸ ಹಳದಿ ದಾರದ ಮಷೀನಿನ ಮೇಲೆ ಎದ್ದು ಕೂತು, ಬಿಟ್ಟ ಅಂಕಿಯಿಂದಲೇ ಮುಂದೆ ಎಣಿಸತೊಡಗಿತು. ಮಕ್ಕಳು ಚಪ್ಪಾಳೆ ಹೊಡೆದರು. ಪರೀಕ್ಷಕರ ಮುಖದಲ್ಲಿ ಒಂದು ಗೆರೆ ಅಲುಗಿತು.

ಆಗ ಫೋನಿನಲ್ಲಿ ಅತ್ತೆ, "ಏ, ನನ್ನ ಫೋನಿನ ಚಾರ್ಜ್ ಮುಗ್ಯಾಕತ್ತದ. ತಡಿ, ಇಲ್ಲೊಂದು ಸಣ್ಣ ಡಬ್ಬಿ ಕೆಲಸಿಲ್ಲದ ಬರೇ ಮಿಣಿಮಿಣಿ ಅನ್ಕೋತ ಕುಂತದ. ಅದರದು ತಗದು ನನ್ನ ಪಿನ್ ಹಾಕ್ತೀನಿ."

ಅದು ಮನೆಗೆ ಇಂಟರ್ನೆಟ್ ಕೊಡುವ ಡಬ್ಬಿ.

"ಅತ್ತೀ, ಬ್ಯಾಡ್ರಿ!"

ಎರಡೂ ಪರದೆ ಒಮ್ಮೆಲೇ ಆರಿದವು. "ಹಾಂ, ಈಗ ಛಲೋ ಆತು" ಎಂದಿತು ಫೋನು. "ಹೇಳು, ಇನ್ನ ಯಾವುದು ಕೀಳಬೇಕು?"

ಪರೀಕ್ಷಕರು ಪೆನ್ನಿನ ಟೋಪಿ ಹಾಕಿದರು. "ಒಂದು ನಿಂತರೂ ಉಳಿದದ್ದು ನಡೆಯುತ್ತೆ ಅಂದ್ರಿ. ಈಗ ಎಲ್ಲಾ ನಿಂತಿದೆಯಲ್ಲ?"

ಆಗ ದಂಡೋತಿಯ ಹುಡುಗಿ ಎದ್ದು ನಿಂತಳು.

"ಸರ್, ಅದು ನಿಂತಿಲ್ರಿ. ಅಲ್ಲಿ ಎಣಸಾಕತ್ತದ. ಅದನ್ನ ನೋಡೋ ನಾವು ಕಟ್ ಆಗೀವಿ. ಕಟ್ ಆದಾಗಿನ ಅಂಕಿ, ಟೈಮ್ ನಾ ಬರಕೊಂಡೀನಿ, ನಿಮ್ಮ ವಾಚ್ ನೋಡ್ಕೋರಿ. ಡಬ್ಬಿ ಮತ್ತ ಹಚ್ಚಿದ ಮ್ಯಾಲೆ ಎಷ್ಟು ಸೆಕೆಂಡ್ ಆಗ್ಯದ ಅಷ್ಟು ಅಂಕಿ ಮುಂದ ಹೋಗಿರ್ತದ."

ಪರೀಕ್ಷಕರು ವಾಚು ನೋಡಿದರು. ಅತ್ತೆಯಿಂದ ಡಬ್ಬಿ ಹಚ್ಚಿಸಿದೆ. ಅದು ಎದ್ದು ಮಾತಾಡಲು ಮೂರು ನಿಮಿಷ ತೆಗೆದುಕೊಂಡಿತು. ಪರದೆ ಬೆಳಗಿತು. ಅಂಕಿ ಎಣಿಸುತ್ತಲೇ ಇತ್ತು. ಪರೀಕ್ಷಕರು ಕಾಗದದ ಮೇಲೆ ಕೂಡಿ ಕಳೆದು ನೋಡಿದರು, ಒಂದು ಸೆಕೆಂಡೂ ತಪ್ಪಿರಲಿಲ್ಲ. ಆಗ ಅವರು ನಕ್ಕರು. ಆ ಮುಖಕ್ಕೆ ನಗು ಬರುತ್ತದೆಂದು ಅವರಿಗೂ ಗೊತ್ತಿರಲಿಲ್ಲ ಎನಿಸಿತು.

ಇಪ್ಪತ್ತೆರಡೂ ಮಕ್ಕಳು ಪಾಸು. ದಂಡೋತಿಯ ಹುಡುಗಿಗೆ ಪೂರ್ತಿ ಅಂಕ. ಸಂಜೆ ಮನೆಗೆ ಬಂದು ಅತ್ತೆಗೆ ಹೇಳುವಾಗ ನನ್ನ ಕಣ್ಣಲ್ಲಿ ನೀರು ಬಂತು. ಅವರು ಸೆರಗಿನಿಂದ ಒರೆಸಿ, ತಲೆ ನೇವರಿಸಿ ಕೇಳಿದರು, "ಎಲ್ಲರಿಗೂ ಕೊಟ್ಟಾನ ಅಂದಿ. ನನಗೆಷ್ಟು ಕೊಟ್ಟಾನ?"

ಕಟ್ಟೆಯ ಮೇಲೆ ಪಾಳಿ

ನನ್ನ ಆದೇಶವೂ ಬಂತು, ಇನ್ನೊಂದು ವರ್ಷಕ್ಕೆ. ಇಲ್ಲಿಗೆ ಎಲ್ಲ ಮುಗಿಯಿತೆಂದು ನಾನು ತಿಳಿದಿದ್ದೆ.

ನಮ್ಮ ಕಡೆ ಸರ್ವರ್ ಎಂಬ ಶಬ್ದ ಗೊತ್ತಿಲ್ಲದವರು ಯಾರೂ ಇಲ್ಲ. ಅಕ್ಷರ ಬರದವರಿಗೂ ಗೊತ್ತು. ಆದರೆ ಎಲ್ಲರಿಗೂ ಗೊತ್ತಿರುವುದು ಅದು ಇಲ್ಲ ಎಂದೇ. ರೇಷನ್ನಿಗೆ ಹೋದರೆ ಸರ್ವರ್ ಇಲ್ಲ, ಪಿಂಚಣಿಗೆ ಹೋದರೆ ಸರ್ವರ್ ಇಲ್ಲ, ಪಹಣಿ ಕೇಳಿದರೆ ಸರ್ವರ್ ನಿನ್ನೆ ಇತ್ತು. ಅದನ್ನು ಕಣ್ಣಿಂದ ಕಂಡವರು ಮಾತ್ರ ಯಾರೂ ಇಲ್ಲ.

ಇಂಥ ಊರಿನಲ್ಲಿ ನನ್ನ ವಿದ್ಯಾರ್ಥಿಗಳು, ನಮ್ಮ ಮೇಡಂ ಮನೆಯ ಸರ್ವರ್ ವೈರು ಕಿತ್ತರೂ ಬಂದ್ ಬೀಳುವುದಿಲ್ಲ ಎಂದು ಹೇಳಿಕೊಂಡು ತಿರುಗಿದರು. ಅತ್ತೆ ಅದಕ್ಕೆ ಗುಡಿಯ ಕಟ್ಟೆಯ ಮೇಲೆ ಸಾಕ್ಷಿ ನುಡಿದರು: "ಹೌದು, ನಮ್ಮನಿಗೆ ಸರ್ವರ್ ಬಂದದ. ನಾನೇ ನಡಸ್ತೀನಿ."

ಆ ವಾರ ಓಣಿಯ ರೇಷನ್ ಅಂಗಡಿಯಲ್ಲಿ ನಾಲ್ಕು ದಿನದಿಂದ ಸರ್ವರ್ ಇರಲಿಲ್ಲ. ಐದನೆಯ ದಿನ ಮುಂಜಾನೆ ಅಂಗಳಕ್ಕೆ ನೀರು ಹಾಕಲು ಬಾಗಿಲು ತೆಗೆದೆ. ಗೇಟಿನಿಂದ ಹಿಡಿದು ಕಿರಾಣಿ ಅಂಗಡಿಯ ತನಕ ಮಂದಿ ಸಾಲುಗಟ್ಟಿದ ಪಾಳಿ. ಎಲ್ಲರ ಕೈಯಲ್ಲಿ ಚೀಲ, ಕಾರ್ಡು. ಬರಲಾಗದವರು ತಮ್ಮ ಬದಲು ಕಲ್ಲು, ಚಪ್ಪಲಿ ಇಟ್ಟು ಹೋಗಿದ್ದರು.

ನಾನು ಬಕೀಟು ಕೆಳಗಿಟ್ಟು, ಇದು ಆ ಸರ್ವರ್ ಅಲ್ಲ, ಇದು ಪಾಠದ ಸರ್ವರ್, ನಿಮ್ಮ ಕಾರ್ಡಿಗೂ ಇದಕ್ಕೂ ಸಂಬಂಧವಿಲ್ಲ ಎಂದು ವಿವರಿಸಿದೆ. ಪಾಳಿಯ ಮುಂದಿದ್ದ ಮುದುಕಪ್ಪ ಶಾಂತವಾಗಿ ಕೇಳಿಸಿಕೊಂಡ.

"ನಿಮ್ಮದು ಚಾಲೂ ಅದಲ್ಲ ಮೇಡಂ?"

"ಅದರಿ, ಆದ್ರ…"

"ನಮ್ಮ ಬೋರ್ ಬತ್ತಿದ್ರ ಬಾಜೂ ಹೊಲದವರ ಬೋರಿನಿಂದ ಪೈಪ್ ಹಾಕ್ಕೋತೀವಿ. ಹಂಗ ನಿಮ್ಮ ಮನಿಯಿಂದ ರೇಷನ್ ಅಂಗಡಿ ತನಕ ಒಂದು ವಾಯರ್ ಎಳೀರಿ. ವಾಯರ್ ನಾವೇ ತರ್ತೀವಿ."

ಅಷ್ಟರಲ್ಲಿ ಸ್ವತಃ ರೇಷನ್ ಅಂಗಡಿಯವನೇ ಹೆಬ್ಬೆರಳು ಒತ್ತಿಸುವ ಮಷೀನು ಬಗಲಲ್ಲಿ ಹಿಡಿದು ಬಂದ. ಅವನಾದರೂ ಹೇಳಿ ಕಳಿಸುತ್ತಾನೆ ಎಂದು ಜೀವ ಬಂದಂತಾಯಿತು.

"ಎಲ್ಲಾ ಮಂದಿ ಇಲ್ಲೇ ಬಂದಾರ, ನಾ ಒಬ್ಬವ ಅಲ್ಲಿ ಕುಂತು ಏನು ನೊಣ ಹೊಡೀಲೇನ್ರಿ ಮೇಡಂ?" ಎಂದು ನಮ್ಮ ಕಟ್ಟೆಯ ಮೇಲೆ ಕೂತು ಮಷೀನು ಚಾಲೂ ಮಾಡಿದ. ಮುದುಕಪ್ಪ ಹೆಬ್ಬೆರಳು ಇಟ್ಟ.

ಟಿಂಯ್ ಎಂದಿತು. ಚೀಟಿ ಹೊರಬಂತು.

ಪಾಳಿಯಿಂದ ಎದ್ದ ಕೇಕೆಗೆ ನಿದ್ದೆಯಲ್ಲಿದ್ದ ನನ್ನ ಗಂಡನೂ ಎದ್ದು ಬಂದರು. ಕಾರಣ ಬಹಳ ಸಣ್ಣದು. ಅವನ ಅಂಗಡಿ ಎರಡು ಗೋಡೆಗಳ ನಡುವಿನ ಸಂದಿಯಲ್ಲಿದೆ, ಮೇಲೆ ಕಲ್ಲಿನ ಚಪ್ಪರ, ಅಲ್ಲಿ ಮೊಬೈಲ್ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಮ್ಮ ಕಟ್ಟೆ ಬಯಲಿಗಿದೆ, ಇಲ್ಲಿ ಬರುತ್ತದೆ. ಇಷ್ಟೇ. ಇದನ್ನು ನಾನು ಪಾಳಿಯ ಮೊದಲಿನಿಂದ ಕೊನೆಯ ತನಕ ನಡೆದು ಒಬ್ಬೊಬ್ಬರಿಗೂ ಹೇಳಿದೆ. ಎಲ್ಲರೂ "ಹೌದ್ರಿ ಮೇಡಂ, ಸಿಗ್ನಲ್ ಅದ" ಎಂದು ತಲೆಯಾಡಿಸಿ ಜೋಳದ ಖೋಲಿಯ ಕಡೆ ಕೈ ಮುಗಿದರು. ಇಲ್ಲಿ ಬೆರಳು, ಅಂಗಡಿಯಲ್ಲಿ ಅಕ್ಕಿ ಎಂದು ವ್ಯವಸ್ಥೆಯಾಯಿತು. ಅತ್ತೆ ಕುರ್ಚಿ ತರಿಸಿಕೊಂಡು ಪಾಳಿ ನಡೆಸಲು ಕೂತರು.

ನನ್ನ ಬಸ್ಸು ಹೋಯಿತು. ಪ್ರಿನ್ಸಿಪಾಲರಿಗೆ ಫೋನು ಮಾಡಿ, "ಸರ್, ಇವತ್ತು ಬರಾಕ ಆಗಂಗಿಲ್ಲ, ನಮ್ಮ ಸರ್ವರ್ ಮುಂದ ರೇಷನ್ ಪಾಳಿ ಹತ್ಯದ" ಎಂದೆ.

"ಇರಲಿ ಬಿಡ್ರಿ ಮೇಡಂ. ಹ್ಯಾಂಗೂ ಅಲ್ಲೇ ಅದೀರಿ, ನಮ್ಮ ಹೊಲದ ಪಹಣಿದು ಒಂದು ನೋಡ್ತೀರೇನು?"

ಮಧ್ಯಾಹ್ನದ ತನಕ ನಡೆಯಿತು. ಕೊನೆಗೆ ಉಳಿದದ್ದು ಒಬ್ಬ ಮುದುಕಿ. ಜೀವಮಾನವೆಲ್ಲ ಕಲ್ಲಿನ ಖಣಿಯಲ್ಲಿ ದುಡಿದು ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ಒಂದು ಬೆರಳು ಇಟ್ಟಳು, ಬರಲಿಲ್ಲ. ಇನ್ನೊಂದು ಇಟ್ಟಳು, ಬರಲಿಲ್ಲ. ಎರಡು ತಿಂಗಳಿಂದ ಹೀಗೆಯೇ ವಾಪಸ್ ಹೋಗುತ್ತಿದ್ದಳಂತೆ. ನಾನು ಒಳಗಿನಿಂದ ಹಸಿ ಬಟ್ಟೆ ತಂದು ಅವಳ ಹತ್ತೂ ಬೆರಳು ಒರೆಸಿ, ಒಂದೊಂದನ್ನಾಗಿ ನಾನೇ ಹಿಡಿದು ಒತ್ತಿಸಿದೆ. ಎಂಟನೆಯ ಬೆರಳಿಗೆ ಮಷೀನು ಟಿಂಯ್ ಎಂದಿತು.

ಮುದುಕಿ ಚೀಟಿಯನ್ನು ಕುಪ್ಪಸದೊಳಗೆ ಸೇರಿಸಿ, ನನ್ನ ಗಲ್ಲ ಹಿಡಿದು, "ನಿನ್ನ ಹೊಟ್ಟಿ…" ಎಂದು ಹರಸಲು ಶುರು ಮಾಡಿದಳು. ಅಷ್ಟಕ್ಕೆ ನಿಂತಳು. ನನ್ನ ಹೆಗಲಿನಾಚೆ ಖೋಲಿಯಲ್ಲಿ, ಕಲ್ಲಿನ ಮೇಲೆ ಕೂತು ಬಿಸಿಲಿಗೆ ಏದುಸಿರು ಬಿಡುತ್ತಿದ್ದ ಮೂರು ಡಬ್ಬಿಗಳನ್ನು ನೋಡಿದಳು. ಯಾರಿಗೆ ಹರಸಬೇಕೆಂದು ಗೊತ್ತಾದವಳ ಹಾಗೆ ಎರಡೂ ಕೈ ಎತ್ತಿದಳು.

"ನಿನ್ನ ಸರ್ವರ್ ತಣ್ಣಗಿರಲಿ, ತಾಯಿ."